ಒಂದು ಬಿಟ್ಟೂ ಬಿಡದಂತೆ: ವಿನೈಲ್ ರೆಕಾರ್ಡನ್ನು 24/96ರಲ್ಲೇ ಡಿಸ್ಕಿಗೆ ಇಳಿಸಿದ್ದು

ಎಲ್‌ಪಿಯನ್ನು 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳುವ ತನಕ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಮುಳ್ಳು ಕೂರುವ ಕಾರ್ಟ್ರಿಜ್ ಯಾವುದು, ಮುಳ್ಳಿನ ತೂಕ ಎಷ್ಟು, ಕೇಬಲ್ ಹೇಗಿದೆ ಎಂದೆಲ್ಲ ನೋಡುತ್ತಾರೆ. ಧ್ವನಿ ಕೈತಪ್ಪುವುದು ಅದಾದ ಮೇಲೆ. ಡಿಸ್ಕ್ ತಯಾರಿಸುವ ತಂತ್ರಾಂಶ ಒಂದು ಮಾತೂ ಕೇಳದೆ 96 ಅನ್ನು 48 ಮಾಡುತ್ತದೆ, 24 ಬಿಟ್ಟನ್ನು 16ಕ್ಕೆ ಕತ್ತರಿಸುತ್ತದೆ, ಇಲ್ಲವೇ ಇಡೀ ಸಂಗೀತವನ್ನು ಡಾಲ್ಬಿ ಡಿಜಿಟಲ್ ಎಂಬ ನಷ್ಟದ ಸಂಕೋಚನಕ್ಕೆ ಹಿಂಡಿಬಿಡುತ್ತದೆ. ಡಿಸ್ಕ್ ಓಡುತ್ತದೆ, ಹಾಡು ಕೇಳುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ನಿಜಕ್ಕೂ ಡಿಸ್ಕಿಗೆ ಹೋದದ್ದು ಏನು ಎಂದು ಯಾರೂ ತೆಗೆದು ನೋಡಿರುವುದಿಲ್ಲ.

ಡಿಸ್ಕಿಗೆ ತನ್ನದೇ ಆದ ದನಿ ಇಲ್ಲ, ಅದು ಅಂಕಿಗಳನ್ನು ಇಡುವ ಡಬ್ಬಿ. ಹಾಕಿದ ಅಂಕಿಯೇ ಮರಳಿ ಸಿಕ್ಕರೆ ನಷ್ಟ ಸೊನ್ನೆ. ಒಂದು ಅಂಕಿ ಬದಲಾಗಿದ್ದರೂ ಎಲ್ಲೋ ಪರಿವರ್ತನೆ ನಡೆದಿದೆ ಎಂದು ಅರ್ಥ. ನಾವು 43 ನಿಮಿಷ 40 ಸೆಕೆಂಡಿನ ಒಂದು ಸ್ಟೀರಿಯೊ ಎಲ್‌ಪಿಯನ್ನು ಈ ಒಂದೇ ಅಳತೆಗೋಲು ಇಟ್ಟುಕೊಂಡು ಡಿಸ್ಕಿಗೆ ಇಳಿಸಿದೆವು. ಎಲ್ಲೆಲ್ಲಿ ಅಂಕಿ ಬದಲಾಗಬಹುದು, ಅದನ್ನು ಹೇಗೆ ಹಿಡಿಯುವುದು ಎನ್ನುವುದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ತೀರ್ಮಾನಿಸಬೇಕಾದದ್ದು ಡಿಸ್ಕ್ ಯಾವುದು ಎಂಬುದನ್ನು. ರೆಕಾರ್ಡಿಂಗ್ ಮುಗಿದ ಮೇಲಲ್ಲ, ಮುಳ್ಳು ತಟ್ಟೆಯ ಮೇಲೆ ಕೂರುವ ಮೊದಲೇ. ಏಕೆಂದರೆ ಒಂದೊಂದು ಬಗೆಯ ಡಿಸ್ಕಿಗೂ ಒಗ್ಗುವ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತೇವೆ ಎಂಬುದು) ಬೇರೆ. ಆಡಿಯೊ ಸಿಡಿ 16 ಬಿಟ್, 44.1 ಕಿಲೋಹರ್ಟ್ಜ್ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಡಿವಿಡಿ-ವಿಡಿಯೊದಲ್ಲಿ ಸಂಕುಚಿತವಾಗದ ಎಲ್‌ಪಿಸಿಎಂ ಧ್ವನಿಗೆ 48 ಮತ್ತು 96 ಕಿಲೋಹರ್ಟ್ಜ್ ಎರಡೇ ದರ. ಬಿಟ್ಟು 16, 20 ಅಥವಾ 24. ಡಿವಿಡಿ-ಆಡಿಯೊ ಇನ್ನೂ ಧಾರಾಳ: 44.1ರಿಂದ 192ರವರೆಗೆ, 88.2 ಮತ್ತು 176.4 ಸಹಿತ, ಸ್ಟೀರಿಯೊಗೆ ಎಲ್ಲವೂ ನಡೆಯುತ್ತದೆ. ಬ್ಲೂ-ರೇಯಲ್ಲಿ 48, 96, 192. 88.2ರಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಡಿವಿಡಿ-ವಿಡಿಯೊ ಬೇಕೆಂದರೆ ದರ ಬದಲಿಸದೆ ವಿಧಿಯಿಲ್ಲ. ಅಲ್ಲಿಗೆ ಮೊದಲ ಪರಿವರ್ತನೆ ನಮ್ಮ ಕೈಯಿಂದಲೇ ಆದಂತಾಯಿತು.

ನಾವು ಆರಿಸಿದ್ದು 24/96 ಎಲ್‌ಪಿಸಿಎಂ, ಡಿವಿಡಿ-ವಿಡಿಯೊ ರೂಪದಲ್ಲಿ. ಡಿವಿಡಿ-ಆಡಿಯೊ ಡಿಸ್ಕ್ ಅದಕ್ಕೆಂದೇ ಮಾಡಿದ ಪ್ಲೇಯರಿನಲ್ಲಿ ಮಾತ್ರ ಓಡುತ್ತದೆ. ಡಿವಿಡಿ-ವಿಡಿಯೊ ಯಾವ ಪ್ಲೇಯರಿನಲ್ಲಾದರೂ ಓಡುತ್ತದೆ. ಲೆಕ್ಕ ಹೀಗೆ: ಒಂದು ಸ್ಯಾಂಪಲಿಗೆ 3 ಬೈಟು, ಎರಡು ವಾಹಿನಿ, ಸೆಕೆಂಡಿಗೆ 96,000 ಸ್ಯಾಂಪಲ್. ಅಂದರೆ ಸೆಕೆಂಡಿಗೆ 5,76,000 ಬೈಟು, ನಿಮಿಷಕ್ಕೆ 34.56 ಎಂಬಿ. ನಮ್ಮ ಎಲ್‌ಪಿ ಪೂರ್ತಿ 1.51 ಜಿಬಿ. ಬಿಟ್‌ದರದಲ್ಲಿ ಹೇಳಿದರೆ ಸೆಕೆಂಡಿಗೆ 4.608 ಮೆಗಾಬಿಟ್. ಡಿವಿಡಿ-ವಿಡಿಯೊದಲ್ಲಿ ಧ್ವನಿಗೆ ಇರುವ ಮಿತಿ 6.144, ಆದ್ದರಿಂದ ಆರಾಮಾಗಿ ಕೂರುತ್ತದೆ. ಪರದೆಯ ಮೇಲೆ ಒಂದು ಸ್ತಬ್ಧಚಿತ್ರಕ್ಕೆ ಅರ್ಧ ಮೆಗಾಬಿಟ್ ಕೊಟ್ಟರೂ 4.7 ಜಿಬಿ ಡಿಸ್ಕಿನಲ್ಲಿ ಸುಮಾರು ಎರಡು ಗಂಟೆಯ ಸಂಗೀತ, ಅಂದರೆ ಎರಡು ಎಲ್‌ಪಿ ನೆಮ್ಮದಿಯಾಗಿ ಹಿಡಿಸುತ್ತದೆ. 24/192 ಸ್ಟೀರಿಯೊ 9.216 ಮೆಗಾಬಿಟ್ ಕೇಳುತ್ತದೆ. ಅದು ಡಿವಿಡಿ-ವಿಡಿಯೊದ ಮಿತಿ ದಾಟಿತು. ಡಿವಿಡಿ-ಆಡಿಯೊದ ಮಿತಿ 9.6 ಇರುವುದರಿಂದ ಅಲ್ಲಿ ನಡೆಯುತ್ತದೆ, ಆದರೆ ಒಂದು ಡಿಸ್ಕಿಗೆ 68 ನಿಮಿಷವಷ್ಟೇ. 25 ಜಿಬಿಯ ಬ್ಲೂ-ರೇಯಲ್ಲಾದರೆ ಅದೇ 24/192 ಆರು ಗಂಟೆ ಹಿಡಿಸುತ್ತದೆ.

192 ಬೇಕೇ ಎನ್ನುವ ಪ್ರಶ್ನೆಗೆ ನಮ್ಮ ಉತ್ತರ ಬೇಡ ಎಂದೇ. ಗ್ರೂವಿನಲ್ಲಿ, ಅಂದರೆ ಮುಳ್ಳು ಓಡುವ ಕೊರೆದ ಗಾಡಿಯಲ್ಲಿ, 20 ಕಿಲೋಹರ್ಟ್ಜ್ ಮೇಲೆ ಏನೂ ಇರಲಾರದು ಎನ್ನುವುದು ತಪ್ಪು. 1970ರ ದಶಕದ ಸಿಡಿ-4 ಎಂಬ ನಾಲ್ಕು ವಾಹಿನಿಯ ಎಲ್‌ಪಿಗಳಲ್ಲಿ 30 ಕಿಲೋಹರ್ಟ್ಜ್ ವಾಹಕ ತರಂಗವನ್ನೇ ಕೊರೆದಿರುತ್ತಿದ್ದರು. 96 ಕಿಲೋಹರ್ಟ್ಜ್ ದರ 48 ಕಿಲೋಹರ್ಟ್ಜ್‌ವರೆಗಿನ ಎಲ್ಲವನ್ನೂ ಹಿಡಿಯುತ್ತದೆ. ವಿನೈಲಿಗೆ ಅಷ್ಟು ಧಾರಾಳವಾಯಿತು. ಬಿಟ್ಟಿನ ವಿಷಯದಲ್ಲೂ ಸ್ಪಷ್ಟವಿರಲಿ: ಒಳ್ಳೆಯ ಎಲ್‌ಪಿಯ ಮೇಲ್ಮೈ ಸದ್ದು ಶಿಖರಕ್ಕಿಂತ 60ರಿಂದ 70 ಡೆಸಿಬೆಲ್ ಕೆಳಗಿರುತ್ತದೆ, 10–12 ಬಿಟ್ಟಿಗೆ ಸಮ. 24 ಬಿಟ್ ಬೇಕಾಗುವುದು ಆ ಸದ್ದಿಗಿಂತ ಕೆಳಗಿನದನ್ನು ಕೇಳಲಿಕ್ಕಲ್ಲ. ಮಟ್ಟವನ್ನು ಭಯವಿಲ್ಲದೆ ಕೆಳಗಿಟ್ಟು ರೆಕಾರ್ಡ್ ಮಾಡಲು, ಆಮೇಲಿನ ದುರಸ್ತಿಯ ಲೆಕ್ಕಾಚಾರದಲ್ಲಿ ಉಳಿಕೆ ದೋಷ ಸಂಗೀತಕ್ಕೆ ತಾಗದಿರಲು.

ತಟ್ಟೆಯ ತಯಾರಿ. ನುಣ್ಣನೆ ಬ್ರಷ್ಷಿನಿಂದ ಒರೆಸಿ ಕೂರಿಸಿದರೆ ಸಾಲದು. ಭಟ್ಟಿ ಇಳಿಸಿದ ನೀರಿಗೆ ತುಸುವೇ ತೇವಕಾರಕ ಬೆರೆಸಿ ತೊಳೆದು, ಬರೀ ಭಟ್ಟಿ ನೀರಿನಲ್ಲಿ ಇನ್ನೊಮ್ಮೆ ಜಾಲಿಸಿ, ನೀರನ್ನು ಹೀರಿ ತೆಗೆಯಬೇಕು. ನಲ್ಲಿ ನೀರು ಬೇಡ. ಒಣಗಿದ ಮೇಲೆ ಅದರ ಲವಣ ಗ್ರೂವಿನಲ್ಲೇ ಕೂರುತ್ತದೆ. ಹಳೆಯ 78 ಸುತ್ತಿನ ಅರಗಿನ ತಟ್ಟೆಗಳಿಗೆ ಆಲ್ಕೊಹಾಲ್ ಸೋಕಿಸಲೇಬಾರದು, ಅರಗು ಕರಗುತ್ತದೆ. ತೊಳೆದ ಮೇಲೆ ಒಮ್ಮೆ ಪೂರ್ತಿ ನುಡಿಸಿ, ಮುಳ್ಳನ್ನು ಹಿಂದಿನಿಂದ ಮುಂದಕ್ಕೆ ಒರೆಸಿ, ಎರಡನೆಯ ಸಲ ನುಡಿಸುವಾಗ ರೆಕಾರ್ಡ್ ಮಾಡಿದೆವು. ಮೊದಲ ಸುತ್ತಿನಲ್ಲಿ ಮುಳ್ಳು ಗ್ರೂವಿನ ತಳದ ಕೊಳೆಯನ್ನು ಕೆದಕಿ ಮೇಲೆ ತರುತ್ತದೆ. ಒಂದು ಬದಿ ಮುಗಿಯುವಷ್ಟರಲ್ಲಿ ಮುಳ್ಳಿನ ತುದಿಗೆ ಬೂದು ಬಣ್ಣದ ನೂಲಿನುಂಡೆ ಅಂಟಿಕೊಂಡಿತ್ತು. ಅದು ಇರುವಾಗ ರೆಕಾರ್ಡ್ ಮಾಡಿದ್ದರೆ ಬದಿಯ ಕೊನೆಯ ಹಾಡಿನ ಮೇಲುದನಿಗಳೆಲ್ಲ ಮಂಕಾಗುತ್ತಿದ್ದವು.

ಕೊನೆಯ ಹಾಡಿನ ಕಷ್ಟ ಬೇರೆಯೂ ಇದೆ. 33⅓ ಸುತ್ತಿನಲ್ಲಿ ಹೊರ ಅಂಚಿನಲ್ಲಿ ಗ್ರೂವು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಒಳ ಅಂಚಿನಲ್ಲಿ 21. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುರಿಕೊಂಡಿರುತ್ತದೆ. ಕಾರ್ಟ್ರಿಜ್ ಒಂದು ಡಿಗ್ರಿ ಓರೆಯಿದ್ದರೂ ಅಲ್ಲಿ 'ಸ', 'ಶ' ಅಕ್ಷರಗಳು ಸೀಳುತ್ತವೆ. ಡಿಸ್ಕಿಗೆ ಇಳಿಸಿದ ಮೇಲೆ ಇದನ್ನು ಯಾವ ತಂತ್ರಾಂಶವೂ ರಿಪೇರಿ ಮಾಡಲಾರದು. ಆದ್ದರಿಂದ ಜೋಡಣೆಯ ಪರೀಕ್ಷೆ ಒಳ ಹಾಡಿನಲ್ಲೇ ಮಾಡಬೇಕು. ವೇಗಕ್ಕೆ ಸ್ಟ್ರೋಬ್ ತಟ್ಟೆ ಸಾಕು: 50 ಹರ್ಟ್ಜ್ ವಿದ್ಯುತ್ತಿನ ದೀಪದ ಕೆಳಗೆ 180 ಗೆರೆಯ ವೃತ್ತ, 60 ಹರ್ಟ್ಜ್ ಆದರೆ 216 ಗೆರೆಯದು ನಿಂತಂತೆ ಕಾಣಬೇಕು.

ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ 5 ಮಿಲಿವೋಲ್ಟ್ ಆಸುಪಾಸು ಕೊಡುತ್ತದೆ. ಫೋನೊ ಪ್ರೀಆಂಪ್ ಅದನ್ನು 40 ಡೆಸಿಬೆಲ್ ಏರಿಸಿ ಅರ್ಧ ವೋಲ್ಟ್ ಮಾಡುತ್ತದೆ. ಜೊತೆಗೆ ಆರ್‌ಐಎಎ ವಕ್ರರೇಖೆಯನ್ನು ತಿರುವಿ ಹಾಕುತ್ತದೆ: ಕೊರೆಯುವಾಗ ತಗ್ಗಿಸಿದ್ದ ಕೆಳದನಿಯನ್ನು 20 ಹರ್ಟ್ಜ್‌ನಲ್ಲಿ 19 ಡೆಸಿಬೆಲ್‌ನಷ್ಟು ಎತ್ತುತ್ತದೆ, ಮೇಲುದನಿಯನ್ನು ಅಷ್ಟೇ ಇಳಿಸುತ್ತದೆ. ಕೆಳದನಿ ಅಷ್ಟೊಂದು ಏರುವುದರಿಂದಲೇ ಗ್ರೌಂಡ್ ತಂತಿ ಸಡಿಲವಿದ್ದರೆ ಗುಂಯ್ ಸದ್ದು ಹಾಗೆ ಮೇಲೇಳುವುದು. ಮುಳ್ಳು ಎತ್ತಿಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿ ನೋಡಿ, ಆಮೇಲೆ ಎರಡು ಹಾಡುಗಳ ನಡುವಿನ ಖಾಲಿ ಗ್ರೂವನ್ನು ರೆಕಾರ್ಡ್ ಮಾಡಿ ನೋಡಿ. ಮೊದಲನೆಯದು ಎರಡನೆಯದಕ್ಕಿಂತ ಕನಿಷ್ಠ 10 ಡೆಸಿಬೆಲ್ ಕೆಳಗಿರಬೇಕು. ಇಲ್ಲದಿದ್ದರೆ ತಟ್ಟೆಯ ಸದ್ದಿಗಿಂತ ನಮ್ಮ ತಂತಿಗಳ ಸದ್ದೇ ಡಿಸ್ಕಿಗೆ ಹೋಗುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿದಾಗ ಗುಂಯ್ ನಿಂತರೆ ತಪ್ಪು ಅದರ ಚಾರ್ಜರಿನದು. ರೆಕಾರ್ಡ್ ಮಾಡುವಾಗ ಸ್ಪೀಕರ್ ಮುಚ್ಚಿಟ್ಟು ಹೆಡ್‌ಫೋನಿನಲ್ಲೇ ಕೇಳಿ. ಸ್ಪೀಕರಿನ ಅದುರು ಮುಳ್ಳಿಗೆ ಮರಳಿ ಬರುತ್ತದೆ.

ಮಟ್ಟ ಹೊಂದಿಸುವುದಕ್ಕೆ ತಟ್ಟೆಯ ಅತಿ ಜೋರಿನ ಭಾಗವನ್ನು ಹುಡುಕಿ ಶಿಖರ −6 ಡೆಸಿಬೆಲ್‌ಗೆ ನಿಲ್ಲಿಸಿ. 6 ಡೆಸಿಬೆಲ್ ಬಿಟ್ಟುಕೊಟ್ಟರೆ ಹೋಗುವುದು 24ರಲ್ಲಿ ಒಂದೇ ಬಿಟ್, ಅದೂ ಗ್ರೂವಿನ ಸದ್ದಿನಡಿ ಹೂತುಹೋಗಿರುವ ಬಿಟ್. ನಮ್ಮ ತಟ್ಟೆಯಲ್ಲಿ ಸಂಗೀತ −8ರ ಆಸುಪಾಸು ನಿಂತಿತ್ತು, ಗೀರಿನ ಟಿಕ್ ಸದ್ದು ಮಾತ್ರ −2ರವರೆಗೆ ಜಿಗಿಯುತ್ತಿತ್ತು. ಇನ್ನೊಂದು ಮೋಸ ಇದೆ. ಮೀಟರ್ −9 ತೋರಿಸುತ್ತಿದ್ದರೂ ತರಂಗವನ್ನು ಹಿಗ್ಗಿಸಿ ನೋಡಿದಾಗ ಶಿಖರಗಳೆಲ್ಲ ಒಂದೇ ಎತ್ತರದಲ್ಲಿ ಚಪ್ಪಟೆಯಾಗಿ ಕಂಡರೆ ಕಟ್ಟಾಗಿರುವುದು ಪ್ರೀಆಂಪಿನಲ್ಲಿ, ಕಂಪ್ಯೂಟರಿನಲ್ಲಲ್ಲ. ಧ್ವನಿಯನ್ನು ಅಂಕಿಯಾಗಿಸಿ ಕಂಪ್ಯೂಟರಿಗೆ ಕೊಡುವ ಆಡಿಯೊ ಇಂಟರ್‌ಫೇಸಿನ ಗುಂಡಿ ತಿರುಗಿಸಿ ಏನೂ ಪ್ರಯೋಜನವಿಲ್ಲ, ಪ್ರೀಆಂಪಿನ ಗೇನ್ ಇಳಿಸಬೇಕು.

ಇನ್ನು ಮೊದಲ ಕದ್ದುಮುಚ್ಚಿನ ಪರಿವರ್ತನೆ. ತಂತ್ರಾಂಶದಲ್ಲಿ 96 ಎಂದು ಆರಿಸಿದ್ದರೂ ಆಪರೇಟಿಂಗ್ ಸಿಸ್ಟಮ್ಮಿನ ಧ್ವನಿ ಸೆಟ್ಟಿಂಗ್ 48ರಲ್ಲಿ ಇದ್ದರೆ, ಇಂಟರ್‌ಫೇಸಿನಿಂದ 48 ಬಂದು ನಡುವೆ 96ಕ್ಕೆ ಹಿಗ್ಗುತ್ತದೆ. ಫೈಲಿನ ಮೇಲೆ 96 ಎಂದೇ ಬರೆದಿರುತ್ತದೆ. ಹಿಡಿಯುವ ದಾರಿ ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಕಂಪನಾಂಕದಲ್ಲಿ ಎಷ್ಟು ಧ್ವನಿ ಇದೆ ಎಂದು ತೋರಿಸುವ ಚಿತ್ರ: 24 ಕಿಲೋಹರ್ಟ್ಜ್ ಹತ್ತಿರ ಚಾಕುವಿನಿಂದ ಕೊಯ್ದಂತೆ ಮೇಲೆಲ್ಲ ಕಪ್ಪಾಗಿದ್ದರೆ ಅದು 48ರ ಧ್ವನಿ. ನಿಜವಾದ 96ರಲ್ಲಿ ಪ್ರತಿಯೊಂದು ಟಿಕ್ ಸದ್ದೂ ಕೆಳಗಿನಿಂದ ಮೇಲಿನವರೆಗೆ ಸಣ್ಣ ನಿಲುಗೆರೆಯಾಗಿ ಕಾಣುತ್ತದೆ. 24 ದಾಟಿ 40ರವರೆಗೂ ಏರಿರುತ್ತದೆ. ಹಾಳಾದ ತಟ್ಟೆಯಿಂದ ಆಗುವ ಒಂದೇ ಉಪಕಾರ ಇದು, ಅದರ ಗೀರುಗಳೇ ಪರೀಕ್ಷೆಯ ಸಂಕೇತ. ಬಿಟ್ಟಿನ ಪರೀಕ್ಷೆಗೆ ಡಿದರ್ (ಬಿಟ್ ಕಡಿಮೆ ಮಾಡುವಾಗ ತಂತ್ರಾಂಶ ಬೇಕೆಂದೇ ಬೆರೆಸುವ ಸಣ್ಣ ಸುಯ್ ಸದ್ದು) ನಿಲ್ಲಿಸಿಟ್ಟು 24 ಬಿಟ್ ವೇವ್ ಫೈಲ್ ತೆಗೆದು ಸಾಕ್ಸ್ ಎಂಬ ಮುಕ್ತ ತಂತ್ರಾಂಶದ ಅಂಕಿಅಂಶ ಆದೇಶಕ್ಕೆ ಕೊಡಬೇಕು. ಅದು ನಿಜಕ್ಕೂ ಬಳಕೆಯಾದ ಬಿಟ್ಟೆಷ್ಟು ಎಂದು ಹೇಳುತ್ತದೆ. 24ರಲ್ಲಿ 16 ಎಂದು ಬಂದರೆ ಕೊನೆಯ 8 ಬಿಟ್ ಬರೀ ಸೊನ್ನೆ, ಡ್ರೈವರ್ ಮಾರ್ಗ ಬದಲಿಸಬೇಕು. ವಿಂಡೋಸ್‌ನಲ್ಲಿ ಎಎಸ್‌ಐಒ ಅಥವಾ ವಾಸಾಪಿಯ ಎಕ್ಸ್‌ಕ್ಲೂಸಿವ್ ಮಾರ್ಗ ಹಿಡಿದರೆ ನಡುವಿನ ಮಿಕ್ಸರ್ ತಪ್ಪುತ್ತದೆ. ಎರಡು ನಿಮಿಷ ರೆಕಾರ್ಡ್ ಮಾಡಿ ಈ ಎರಡು ಪರೀಕ್ಷೆ ಮುಗಿಸಿದ ಮೇಲಷ್ಟೇ ಪೂರ್ತಿ ತಟ್ಟೆ ನುಡಿಸಿದೆವು.

ಒಂದೊಂದು ಬದಿಯನ್ನೂ ಎಲ್ಲೂ ನಿಲ್ಲಿಸದೆ, ಮುಳ್ಳು ಇಳಿಯುವ ಸದ್ದಿನಿಂದ ಏಳುವ ಸದ್ದಿನವರೆಗೆ ಒಂದೇ ಫೈಲಾಗಿ ತೆಗೆದು, ಮುಟ್ಟದ ಪ್ರತಿಯೊಂದನ್ನು ಫ್ಲಾಕ್‌ನಲ್ಲಿ ಎತ್ತಿಟ್ಟೆವು. ಫ್ಲಾಕ್ ನಷ್ಟವಿಲ್ಲದ ಸಂಕೋಚನ, ಬಿಚ್ಚಿದರೆ ಅದೇ ಅಂಕಿ. ಆದರೆ ವಿನೈಲಿನ 24 ಬಿಟ್ ಫೈಲು ಅಂದುಕೊಂಡಷ್ಟು ಕುಗ್ಗುವುದಿಲ್ಲ. ಕೆಳಗಿನ ಹತ್ತು–ಹನ್ನೆರಡು ಬಿಟ್ ಗ್ರೂವಿನ ಸದ್ದು. ಗೊತ್ತುಗುರಿಯಿಲ್ಲದ ಸದ್ದನ್ನು ಯಾವ ಸಂಕೋಚನವೂ ಮುದುರಲಾರದು.

ದುರಸ್ತಿಯಲ್ಲಿ ನಮ್ಮ ನಿಲುವು ಕಟ್ಟುನಿಟ್ಟು: ಟಿಕ್ ಸದ್ದು ತೆಗೆಯುತ್ತೇವೆ, ಹಿನ್ನೆಲೆಯ ಸುಯ್ ಸದ್ದನ್ನು ಮುಟ್ಟುವುದಿಲ್ಲ. ಅದನ್ನು ತೆಗೆಯಹೋದರೆ ತಂಬೂರಿಯ ಅನುರಣನ, ಸಭಾಂಗಣದ ಗಾಳಿ ಕೂಡ ಜೊತೆಗೆ ಹೋಗುತ್ತದೆ. ಟಿಕ್ ತೆಗೆಯುವ ಕೆಲಸ 96ರಲ್ಲೇ ಮುಗಿಯಬೇಕು, ಸಿಡಿಗೆಂದು 44.1ಕ್ಕೆ ಇಳಿಸಿದ ಮೇಲಲ್ಲ. 96ರಲ್ಲಿ ಟಿಕ್ ಚೂಪಾದ ಮುಳ್ಳಿನಂತೆ ಕೆಲವೇ ಸ್ಯಾಂಪಲ್‌ಗಳಲ್ಲಿ ಇರುತ್ತದೆ. ದರ ಇಳಿಸಿದಾಗ ಫಿಲ್ಟರಿನಲ್ಲಿ ಹಾದು ಅಕ್ಕಪಕ್ಕಕ್ಕೆ ಅಲೆಯೆಬ್ಬಿಸಿ ಅಗಲವಾಗುತ್ತದೆ, ಸಂಗೀತದಿಂದ ಬೇರ್ಪಡಿಸುವುದು ಕಷ್ಟವಾಗುತ್ತದೆ.

ಉದ್ದುದ್ದ ಗೀರು ಇದ್ದರೆ ಟಿಕ್ ಸುತ್ತಿಗೊಮ್ಮೆ ಬರುತ್ತದೆ. 33⅓ ಸುತ್ತೆಂದರೆ ಒಂದು ಸುತ್ತಿಗೆ 1.8 ಸೆಕೆಂಡು, 96ರಲ್ಲಿ ಸರಿಯಾಗಿ 1,72,800 ಸ್ಯಾಂಪಲ್. ಒಂದು ಟಿಕ್ಕಿನ ಜಾಗ ಗೊತ್ತಾದರೆ ಮುಂದಿನದರ ಜಾಗಕ್ಕೆ ಅಷ್ಟು ಸ್ಯಾಂಪಲ್ ಕೂಡಿಸಿ ನೇರ ಹೋಗಬಹುದು. ನಮ್ಮ ತಟ್ಟೆಯ ಎರಡನೆಯ ಬದಿಯಲ್ಲಿ ಇಂಥ ಹದಿನೇಳು ಟಿಕ್‌ಗಳ ಸಾಲು ಇತ್ತು. ಒಂದೊಂದನ್ನೂ ಹಿಗ್ಗಿಸಿ 30–40 ಸ್ಯಾಂಪಲ್‌ನಷ್ಟು ಭಾಗವನ್ನು ಮಾತ್ರ ಅಕ್ಕಪಕ್ಕದ ತರಂಗದಿಂದ ತುಂಬಿದೆವು, ಉಳಿದದ್ದಕ್ಕೆ ಕೈ ತಾಗಿಸಲಿಲ್ಲ. ಚಿಕ್ಕ ಚಟಪಟಕ್ಕೆ ಸ್ವಯಂಚಾಲಿತ ಸಾಧನ ಬಳಸುವುದಾದರೆ ತೆಗೆದುಹಾಕಿದ್ದನ್ನು ಮಾತ್ರ ಕೇಳಿಸುವ ಆಯ್ಕೆ ಒತ್ತಿ ಕೇಳಿ. ಅಲ್ಲಿ ಬರೀ ಚಟಪಟ ಕೇಳಬೇಕು. ತುತ್ತೂರಿಯ ಅಂಚು, ಡ್ರಮ್ಮಿನ ಪೆಟ್ಟು ಕೇಳಿದರೆ ಸಾಧನ ಸಂಗೀತವನ್ನೇ ತಿನ್ನುತ್ತಿದೆ, ಸೂಕ್ಷ್ಮತೆ ಇಳಿಸಿ.

ಅದೇ 1.8 ಸೆಕೆಂಡು ಹಾಡಿನ ಆರಂಭದಲ್ಲೂ ಕಾಣಿಸಿಕೊಳ್ಳುತ್ತದೆ. ಜೋರಾಗಿ ಶುರುವಾಗುವ ಹಾಡಿಗೆ 1.8 ಸೆಕೆಂಡು ಮೊದಲು ಪಕ್ಕದ ಗ್ರೂವಿನಿಂದ ಅದರ ಮಾರ್ದನಿ ಸಣ್ಣಗೆ ಕೇಳುತ್ತದೆ. ಹಾಡು ಕತ್ತರಿಸುವಾಗ ಈ ಮಾರ್ದನಿಯ ನಡುವೆ ಗಡಿ ಬಿದ್ದರೆ ಮಾರ್ದನಿಯ ಅರ್ಧ ಹಿಂದಿನ ಹಾಡಿನ ಬಾಲಕ್ಕೆ ಅಂಟುತ್ತದೆ.

ಗಡಿ ಇಡುವ ಜಾಗ ನಿಜಕ್ಕೂ ಕುತ್ತಿಗೆಗೆ ಬರುವುದು ಡಿವಿಡಿಯಲ್ಲಿ. ಡಿವಿಡಿ-ವಿಡಿಯೊದಲ್ಲಿ ಧ್ವನಿಯೊಂದೇ ಇರಲಾರದು. ಅಧ್ಯಾಯದ ಗಡಿಗಳು ಚಿತ್ರದ ಫ್ರೇಮಿಗೆ ಕಟ್ಟುಬಿದ್ದಿರುತ್ತವೆ. ಟಿವಿ ಚಿತ್ರದ ಎರಡು ಮಾದರಿಗಳಲ್ಲಿ ಇಲ್ಲಿ ಪಾಲ್ ಆರಿಸಬೇಕು, ಎನ್‌ಟಿಎಸ್‌ಸಿ ಅಲ್ಲ. ಪಾಲ್‌ನಲ್ಲಿ ಸೆಕೆಂಡಿಗೆ 25 ಫ್ರೇಮು, ಒಂದು ಫ್ರೇಮಿಗೆ ಸರಿಯಾಗಿ 3,840 ಸ್ಯಾಂಪಲ್. ಎನ್‌ಟಿಎಸ್‌ಸಿಯ 29.97ರ ಲೆಕ್ಕದಲ್ಲಿ ಒಂದು ಫ್ರೇಮಿಗೆ 3,203.2 ಸ್ಯಾಂಪಲ್, ಪೂರ್ಣಾಂಕವೇ ಅಲ್ಲ, ಐದು ಫ್ರೇಮಿಗೊಮ್ಮೆ ಮಾತ್ರ ಹೊಂದುತ್ತದೆ. ಹಾಡುಗಳನ್ನು ಬೇರೆ ಬೇರೆ ಫೈಲಾಗಿ ಕತ್ತರಿಸಿ ಕೊಟ್ಟಾಗ ಉದ್ದ ಫ್ರೇಮಿನ ಗುಣಕವಾಗಿ ಇರದಿದ್ದರೆ ಕೊರತೆಯನ್ನು ಸಾಧನ ನಿಶ್ಶಬ್ದದಿಂದ ತುಂಬುತ್ತದೆ. 40 ಮಿಲಿಸೆಕೆಂಡಿಗಿಂತ ಕಡಿಮೆಯೇ, ಆದರೆ ಚಪ್ಪಾಳೆ ನಿಲ್ಲದೆ ಸಾಗುವ ಕಛೇರಿಯ ರೆಕಾರ್ಡಿನಲ್ಲಿ ಆ ತೂತು ಟಕ್ಕೆಂದು ಕಿವಿಗೆ ಹೊಡೆಯುತ್ತದೆ.

ನಮ್ಮಲ್ಲಿ ಮೊದಲ ಹಾಡು ಮುಗಿಯುವುದು 252.37 ಸೆಕೆಂಡಿಗೆ. 25ರಿಂದ ಗುಣಿಸಿದರೆ 6,309.25 ಫ್ರೇಮು. ಗಡಿಯನ್ನು ಕಾಲು ಫ್ರೇಮ್ ಹಿಂದಕ್ಕೆ, 6,309ಕ್ಕೆ ಸರಿಸಿದೆವು: 2,42,26,560ನೇ ಸ್ಯಾಂಪಲ್. ಸರಿದದ್ದು 960 ಸ್ಯಾಂಪಲ್, ಅಂದರೆ 10 ಮಿಲಿಸೆಕೆಂಡು. ಎರಡೂ ಜಾಗ ಖಾಲಿ ಗ್ರೂವಿನಲ್ಲೇ ಇರುವುದರಿಂದ ಕೇಳುವವರಿಗೆ ಏನೂ ತಿಳಿಯುವುದಿಲ್ಲ, ಒಂದು ಸ್ಯಾಂಪಲ್ಲೂ ಸೇರಲಿಲ್ಲ, ಹೋಗಲಿಲ್ಲ. ಎಲ್ಲ ಗಡಿಗಳನ್ನೂ ಹೀಗೇ 3,840ರ ಗುಣಕಕ್ಕೆ ಕೂರಿಸಿದೆವು. ಒಂದು ಬದಿಯ ಹಾಡುಗಳೆಲ್ಲ ಒಂದೇ ಟೈಟಲ್ಲಿನ ಅಧ್ಯಾಯಗಳಾಗಿರಲಿ. ಒಂದು ಟೈಟಲ್ಲಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ಲೇಯರ್ ಕ್ಷಣಕಾಲ ತಡೆಯುತ್ತದೆ, ಅದು ಬದಿ ತಿರುಗಿಸುವ ಜಾಗದಲ್ಲಿ ಬಿದ್ದರೆ ಸಹಜ. ಸಿಡಿಯಲ್ಲೂ ಇಂಥದ್ದೇ ಕಟ್ಟಳೆ ಇದೆ, ಅಲ್ಲಿ ಗಡಿ 588 ಸ್ಯಾಂಪಲ್‌ಗಳ ಗುಣಕ, ಸೆಕೆಂಡಿನ 75ನೇ ಒಂದು ಭಾಗ.

ಡಿಸ್ಕಿನ ರಚನೆಗೆ ನಾವು ಬಳಸಿದ್ದು ಎಲ್‌ಪ್ಲೆಕ್ಸ್ ಎಂಬ ಮುಕ್ತ ತಂತ್ರಾಂಶ. ವೇವ್ ಅಥವಾ ಫ್ಲಾಕ್ ಕೊಟ್ಟರೆ ಸ್ತಬ್ಧಚಿತ್ರ ಸೇರಿಸಿ ಎಲ್‌ಪಿಸಿಎಂ ಇರುವ ಡಿವಿಡಿ-ವಿಡಿಯೊ ಕಟ್ಟಿಕೊಡುತ್ತದೆ. ಡಿಸ್ಕಿನಿಂದ ಧ್ವನಿಯನ್ನು ಮರಳಿ ಹೊರತೆಗೆಯಲೂ ಬಲ್ಲದು. ಸಾಮಾನ್ಯ ಡಿವಿಡಿ ತಯಾರಿ ತಂತ್ರಾಂಶಗಳು ಮದುವೆ ವಿಡಿಯೊಗಳಂಥ ಕೆಲಸಕ್ಕೆ ಮಾಡಿದವು. ಧ್ವನಿಯ ರೂಪ ಪಿಸಿಎಂ ಎಂದು ಆರಿಸಿದರೂ 48/16ಕ್ಕೆ ಇಳಿಸಿಬಿಡುವುದು ಮಾಮೂಲು. ತಯಾರಾದ ಫೈಲುಗಳ ಗಾತ್ರ ನೋಡಿದರೂ ಅನುಮಾನ ಬರುತ್ತದೆ. 24/96 ಧ್ವನಿಯ 44 ನಿಮಿಷ 1.5 ಜಿಬಿಗಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ; 48/16 ಆಗಿದ್ದರೆ ಧ್ವನಿಯ ಪಾಲು ಅರ್ಧ ಜಿಬಿ, ಡಾಲ್ಬಿ ಡಿಜಿಟಲ್ ಆದರೆ ಇನ್ನೂ ಎಷ್ಟೋ ಕಡಿಮೆ. ಡಿವಿಡಿ-ಆಡಿಯೊ ಬೇಕಾದವರಿಗೆ ಡಿವಿಡಿಎ-ಆಥರ್ ಎಂಬ ಮುಕ್ತ ಸಾಧನವಿದೆ.

ಬರ್ನ್ ಮಾಡುವುದು ಎಲ್ಲಕ್ಕಿಂತ ಸರಳ. ಮರುಬರೆಯುವ ಡಿಸ್ಕ್ ಬೇಡ, ಅದರ ಪ್ರತಿಫಲನ ಕಡಿಮೆ, ಹಳೆಯ ಪ್ಲೇಯರುಗಳು ಓದಲು ತಡಕಾಡುತ್ತವೆ. ಒಮ್ಮೆ ಮಾತ್ರ ಬರೆಯುವ ಡಿವಿಡಿ ಮೈನಸ್ ಆರ್ ಒಳ್ಳೆಯದು. ಪ್ಲಸ್ ಆರ್ ಆದರೆ ಡ್ರೈವ್ ಅವಕಾಶ ಕೊಟ್ಟಲ್ಲಿ ಬುಕ್‌ಟೈಪನ್ನು (ಡಿಸ್ಕ್ ಯಾವ ಬಗೆಯದೆಂದು ಪ್ಲೇಯರಿಗೆ ಹೇಳುವ ಗುರುತು) ಡಿವಿಡಿ-ರಾಮ್ ಅಲ್ಲ, ಡಿವಿಡಿ-ರೋಮ್ ಎಂದು ಇಡಿ. 16 ಪಟ್ಟು ವೇಗದ ಡಿಸ್ಕನ್ನು 4 ಅಥವಾ 8ರಲ್ಲಿ ಬರೆಯಿರಿ. ಎಷ್ಟು ನಿಧಾನವೋ ಅಷ್ಟು ಒಳ್ಳೆಯದು ಎನ್ನುವುದು ಹಳೆಯ ನಂಬಿಕೆ. ಹೊಸ ಡಿಸ್ಕುಗಳ ಬಣ್ಣದ ಪದರವನ್ನು ವೇಗದ ಬರವಣಿಗೆಗೆಂದೇ ಹದಗೊಳಿಸಿರುತ್ತಾರೆ, ತೀರ ನಿಧಾನಿಸಿದರೆ ದೋಷ ಹೆಚ್ಚುವುದೂ ಉಂಟು. ಬರೆದ ಮೇಲೆ ಪರಿಶೀಲನೆ ಓಡಿಸಿ. ದೋಷಗಳನ್ನು ಎಣಿಸಬಲ್ಲ ಡ್ರೈವ್ ಇದ್ದರೆ ಒಳಪಾರಿಟಿ ದೋಷ ಎಂಟು ಬ್ಲಾಕುಗಳಿಗೆ 280 ದಾಟಬಾರದು ಎಂಬುದು ಮಾನದಂಡ. ಕಾಗದದ ಲೇಬಲ್ ಅಂಟಿಸಬೇಡಿ, ತೂಕ ಓರೆಯಾಗಿ ಡಿಸ್ಕ್ ಅದುರುತ್ತದೆ.

ಈಗ ಅಂಕಿಗಳ ಪರೀಕ್ಷೆ. ಬರೆದ ಡಿಸ್ಕಿನಿಂದ, ಕಂಪ್ಯೂಟರಿನಲ್ಲಿ ಉಳಿದ ಕಡತದಿಂದಲ್ಲ, ಧ್ವನಿಯನ್ನು ವೇವ್ ಆಗಿ ಮರಳಿ ತೆಗೆಯಿರಿ. ಮೂಲ ಫೈಲನ್ನೂ ಇದನ್ನೂ ಎರಡು ಟ್ರ್ಯಾಕಾಗಿ ಒಂದರ ಕೆಳಗೊಂದು ಇಟ್ಟು, ಮೊದಲ ಸ್ಯಾಂಪಲ್ ಸರಿಹೊಂದಿಸಿ, ಒಂದನ್ನು ತಲೆಕೆಳಗು ಮಾಡಿ ಕೂಡಿಸಿ. ಎಲ್ಲ ಸರಿಯಿದ್ದರೆ ಉಳಿಯುವುದು ಸೊನ್ನೆ, ಮೊದಲಿನಿಂದ ಕೊನೆಯವರೆಗೆ ಒಂದು ಗೆರೆ. ಸೊನ್ನೆಯಲ್ಲದಿದ್ದರೆ ಉಳಿಕೆಯನ್ನು ಕೇಳಿ, ಯಾವ ತಪ್ಪು ಎಂದು ಅದೇ ಹೇಳುತ್ತದೆ. ಹಾಡು ಹಾಗೇ, ಆದರೆ ಸುಮಾರು 39 ಡೆಸಿಬೆಲ್ ಕೆಳಗೆ, ಎಲ್ಲ ದನಿಗಳೂ ಸಮಪ್ರಮಾಣದಲ್ಲಿ ಕೇಳಿದರೆ ಯಾರೋ ಮಟ್ಟವನ್ನು 0.1 ಡೆಸಿಬೆಲ್ ಬದಲಿಸಿದ್ದಾರೆ. ಕೆಳದನಿ ಇಲ್ಲದೆ ತೆಳ್ಳಗೆ, ಕೀರಲಾಗಿ ಹಾಡು ಕೇಳಿದರೆ ಒಂದು ಸ್ಯಾಂಪಲ್ ಹೊಂದಾಣಿಕೆ ತಪ್ಪಿದೆ. ಸರಿಸಿ ಮತ್ತೆ ನೋಡಿ, ಅದು ನಷ್ಟವಲ್ಲ. ಟಿಕ್‌ಗಳ ಚೂಪು ತುದಿ ಮಾತ್ರ ಉಳಿದಿದ್ದರೆ, 24 ಕಿಲೋಹರ್ಟ್ಜ್ ಮೇಲಷ್ಟೇ ಶಕ್ತಿ ಕಂಡರೆ, ದರ ಇಳಿದು ಮತ್ತೆ ಏರಿದೆ. ಎಲ್ಲೆಡೆ ಸಮನಾದ ಸುಯ್ ಸದ್ದು −140 ಡೆಸಿಬೆಲ್ ಆಸುಪಾಸು ಇದ್ದರೆ 24 ಬಿಟ್‌ಗೆ ಮತ್ತೊಮ್ಮೆ ಡಿದರ್ ಬೆರೆತಿದೆ. −95ರ ಹತ್ತಿರ ಇದ್ದರೆ ಧ್ವನಿ 16 ಬಿಟ್ಟಿಗೆ ಇಳಿದಿದೆ. ಮಿನುಗುವ, ನೀರಿನೊಳಗಿಂದ ಬಂದಂಥ ಸಂಗೀತ ಕೇಳಿದರೆ ಡಾಲ್ಬಿ ಡಿಜಿಟಲ್. ನಮ್ಮ ಮೊದಲ ಡಿಸ್ಕಿನಲ್ಲಿ −140ರ ಸುಯ್ ಸಿಕ್ಕಿತು. ಕಾರಣ ಕತ್ತರಿಸಿದ ಹಾಡುಗಳನ್ನು ಹೊರತೆಗೆಯುವಾಗ ಸಂಪಾದನಾ ತಂತ್ರಾಂಶ ಡಿದರ್ ಹಾಕಿದ್ದು. ಕಿವಿಗೆ ಅದು ತಿಳಿಯುವಂಥದ್ದಲ್ಲ, ಆದರೂ ಡಿದರ್ ನಿಲ್ಲಿಸಿಟ್ಟು ಎರಡನೆಯ ಡಿಸ್ಕ್ ಬರೆದೆವು. ಸೊನ್ನೆ ಬಂತು.

ಜೊತೆಗೊಂದು ಸಿಡಿ ಪ್ರತಿಯೂ ಬೇಕೆಂದರೆ 96ರ ದುರಸ್ತಿಯಾದ ಫೈಲಿನಿಂದಲೇ ಹೊರಡಿ. ಮೊದಲು ಮಟ್ಟ ಏರಿಸುವುದು, ಆಮೇಲೆ 44.1ಕ್ಕೆ ದರ ಇಳಿಸುವುದು, ಕಟ್ಟಕಡೆಗೆ ಡಿದರ್ ಸಹಿತ 16 ಬಿಟ್. ಡಿದರ್ ಒಂದೇ ಸಲ, ಕೊನೆಯಲ್ಲಿ. ದರ ಇಳಿಸಿದಾಗ ಶಿಖರಗಳು ತುಸು ಏರುತ್ತವೆ, ಹಾಗಾಗಿ −1 ಡೆಸಿಬೆಲ್‌ನಷ್ಟು ಜಾಗ ಬಿಟ್ಟಿರಿ.

ಡಿಸ್ಕ್ ಸರಿಯಿದ್ದೂ ಕೊನೆಯ ನಷ್ಟ ಪ್ಲೇಯರಿನಲ್ಲಿ ಆಗಬಹುದು. ಎಲ್ಲ ಡಿವಿಡಿ ಪ್ಲೇಯರುಗಳೂ 96ರ ಡಿಸ್ಕನ್ನು ಓದುತ್ತವೆ, ಆದರೆ ಹಲವು ಪ್ಲೇಯರುಗಳು ಡಿಜಿಟಲ್ ಔಟಿನಲ್ಲಿ ಅದನ್ನು 48ಕ್ಕೆ ಇಳಿಸಿ ಕಳಿಸುತ್ತವೆ. ಸೆಟಪ್ ಮೆನುವಿನಲ್ಲಿ ಎಲ್‌ಪಿಸಿಎಂ ಮಿತಿ ಅಥವಾ ಡೌನ್‌ಸ್ಯಾಂಪ್ಲಿಂಗ್ ಎಂಬ ಆಯ್ಕೆ ಇದ್ದರೆ 96ಕ್ಕೆ ಬದಲಿಸಿ. ಎಷ್ಟೋ ಮಾದರಿಗಳಲ್ಲಿ ಅದು ಮೊದಲಿಂದ 48ರಲ್ಲೇ ಇರುತ್ತದೆ. ಬದಲಿಸಿದ ಮೇಲೆ ಡಿಜಿಟಲ್ ಔಟನ್ನು ಆಡಿಯೊ ಇಂಟರ್‌ಫೇಸಿಗೆ ಸಿಕ್ಕಿಸಿ ನೋಡಿ, ಅದು ಹಿಡಿದ ದರ ಎಷ್ಟೆಂದು ತೋರಿಸುತ್ತದೆ. ಆಗಲೂ 48 ಎಂದೇ ಬಂದರೆ ಆ ಪ್ಲೇಯರಿನ ಡಿಜಿಟಲ್ ಔಟ್ ಬಿಟ್ಟು ಅನಲಾಗ್ ಔಟಿನಿಂದ ಆಂಪ್ಲಿಫೈಯರಿಗೆ ಕೊಡಿ, ಹಲವು ಪ್ಲೇಯರುಗಳು ಅಲ್ಲಿ 96 ಅನ್ನು ಇಳಿಸದೆಯೇ ಧ್ವನಿಯಾಗಿಸುತ್ತವೆ.